ಜೇನಿನ ಪದದ ಕೊನೆಯ ಉಕಾರ: ಮೂಲ ಸ್ಲಾವ್ ಭಾಷೆಯ ‘ಮೆದು’ ಎಲ್ಲಿಂದ ಬಂತು, ಎಲ್ಲಿ ಉಳಿಯಿತು

ಜೇನುತುಪ್ಪಕ್ಕೆ ರಷ್ಯನ್ ಭಾಷೆಯಲ್ಲಿ ಮ್ಯೋದ್ ಅಂತಾರೆ. ಪೋಲಿಷ್‌ನಲ್ಲಿ ಮ್ಯೂದ್. ಝೆಕ್, ಸ್ಲೊವಾಕ್, ಸರ್ಬಿಯನ್, ಕ್ರೊಯೇಷಿಯನ್, ಬಲ್ಗೇರಿಯನ್, ಉಕ್ರೇನಿಯನ್ ಎಲ್ಲದರಲ್ಲೂ ಹೆಚ್ಚುಕಡಿಮೆ ಮೆದ್. ಇಷ್ಟು ಕೇಳಿದ ಕೂಡಲೇ ಕನ್ನಡದವರಿಗೆ ‘ಮಧು’ ನೆನಪಾಗುತ್ತದೆ. ನೆನಪಾಗಬೇಕಾದ್ದೇ. ಈ ಹೋಲಿಕೆ ಆಕಸ್ಮಿಕ ಅಲ್ಲ. ಆದರೆ ‘ಹಾಗಾದ್ರೆ ಅವರು ಸಂಸ್ಕೃತದಿಂದ ತಗೊಂಡರು’ ಅಂತ ಹೇಳಿ ಮುಗಿಸಿಬಿಟ್ಟರೆ ಅದು ತಪ್ಪು. ಜೊತೆಗೆ ನಿಜವಾದ ಸೊಗಸೂ ಕೈತಪ್ಪುತ್ತದೆ. ಆ ಸೊಗಸು ಇರುವುದು ಪದದ ಕೊನೆಯಲ್ಲಿದ್ದ ಒಂದು ಪುಟ್ಟ ಉಕಾರದಲ್ಲಿ.

ಮೊದಲು ‘ಮೂಲ ಸ್ಲಾವ್’ ಅಂದರೇನು ನೋಡೋಣ. ಮೇಲೆ ಹೇಳಿದ ರಷ್ಯನ್, ಪೋಲಿಷ್ ಮೊದಲಾದವು ಸ್ಲಾವ್ ಭಾಷೆಗಳು. ಇವತ್ತಿನ ಎಲ್ಲ ಸ್ಲಾವ್ ಭಾಷೆಗಳೂ ಒಂದೇ ಭಾಷೆಯಿಂದ, ಅಂದರೆ ಮೂಲ ಸ್ಲಾವ್‌ನಿಂದ, ಕವಲೊಡೆದವು. ಆ ಭಾಷೆಯಲ್ಲಿ ಬರಹ ಇರಲಿಲ್ಲ. 863ರಲ್ಲಿ ಸಿರಿಲ್ ಮತ್ತು ಮೆಥೋಡಿಯಸ್ ಎಂಬ ಅಣ್ಣತಮ್ಮಂದಿರು ಮೊರಾವಿಯಾಕ್ಕೆ ಹೋದರು. ಸ್ಲಾವ್ ಮಾತಿಗೆ ಲಿಪಿ ಬಂದದ್ದು ಅವರ ಕಾಲದಲ್ಲೇ. ಬೈಬಲ್ಲಿನ ಭಾಗಗಳನ್ನು ಅವರು ಅನುವಾದಿಸಿದ ಭಾಷೆಗೆ ಹಳೆ ಚರ್ಚ್ ಸ್ಲಾವೊನಿಕ್ ಅನ್ನುತ್ತಾರೆ. ಮರುಭೂಮಿಯಲ್ಲಿ ಯೋಹಾನ ತಿಂದ ಕಾಡುಜೇನು ಅದರಲ್ಲಿ ‘ಮೆದು ದಿವಿಯಿ’ ಅಂತ ಬರುತ್ತದೆ. ಅದಕ್ಕೂ ಹಿಂದಿನ ರೂಪ ಬೇಕಾದರೆ ಮಗಳು ಭಾಷೆಗಳನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಬೇಕು. ಹೀಗೆ ಲೆಕ್ಕದಿಂದ ಸಿಕ್ಕ ರೂಪದ ಮುಂದೆ ಒಂದು ನಕ್ಷತ್ರ ಹಾಕುತ್ತಾರೆ: *ಮೆದು. ‘ಇದನ್ನು ಯಾರೂ ಬರೆದಿಟ್ಟಿಲ್ಲ, ನಾವು ಕಟ್ಟಿಕೊಂಡದ್ದು’ ಅಂತ ಆ ನಕ್ಷತ್ರದ ಅರ್ಥ.

ಬರೆಯುವ ಬಗ್ಗೆ ಒಂದು ಮಾತು. ಇಲ್ಲಿ ಮೂಲ ಸ್ಲಾವ್ ರೂಪಗಳಲ್ಲಿ ‘ು’ ಅಂತ ಬರೆದದ್ದು ತೀರಾ ಚಿಕ್ಕ, ಅರ್ಧ ಉಚ್ಚಾರದ ಉಕಾರ. ತುಳುವಿನಲ್ಲಿ ಪದಗಳ ಕೊನೆಗೆ ಬರುವ ಅರೆ ಉಕಾರ ಕೇಳಿದ್ದವರಿಗೆ ಅದರ ಗಾತ್ರ ಅಂದಾಜಾಗುತ್ತದೆ. ‘ೂ’ ಅಂತ ಬರೆದದ್ದು ಪೂರ್ತಿ ಉಕಾರ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಹುಟ್ಟಿನ ವಿಚಾರ. ಸಂಸ್ಕೃತದಲ್ಲಿ ಮಧು, ಗ್ರೀಕಿನಲ್ಲಿ ಮೆಥು, ಲಿಥುವೇನಿಯನ್‌ನಲ್ಲಿ ಮೆದುಸ್, ಹಳೆ ಇಂಗ್ಲಿಷಿನಲ್ಲಿ ಮೆದು. ಇಂಗ್ಲಿಷಿನ ಆ ಪದವೇ ಇವತ್ತಿನ ಮೀಡ್, ಅಂದರೆ ಜೇನಿನಿಂದ ಮಾಡಿದ ಮದಿರೆ. ಈ ಭಾಷೆಗಳಿಗೆಲ್ಲ ಮೂಲವಾದ ಇನ್ನೂ ಹಳೆಯ ಭಾಷೆಗೆ ಮೂಲ ಇಂಡೋ-ಯುರೋಪಿಯನ್ ಅನ್ನುತ್ತಾರೆ. ಇವೆಲ್ಲ ಸೇರಿ ತೋರಿಸುವ ಅದರ ರೂಪ *ಮೆಧು. ಕನ್ನಡ ಲಿಪಿಯಲ್ಲಿ ಇದನ್ನು ಇದ್ದ ಹಾಗೇ ಬರೆಯಬಹುದು ಅನ್ನುವುದು ನನಗೆ ಖುಷಿಯ ಸಂಗತಿ. ನಮ್ಮಲ್ಲಿ ಹ್ರಸ್ವ ಎಕಾರವೂ ಇದೆ, ಮಹಾಪ್ರಾಣ ಧಕಾರವೂ ಇದೆ.

ಈ *ಮೆಧು ಎರಡು ದಾರಿ ಹಿಡಿಯಿತು. ಭಾರತ-ಇರಾನಿನ ಕಡೆ ಹಳೆಯ ಎ ಮತ್ತು ಒ ಎರಡೂ ಅ ಆದವು. ಹಾಗಾಗಿ ಮೆಧು ಮಧು ಆಯಿತು. ಸ್ಲಾವ್ ಕಡೆ ಎಕಾರ ಹಾಗೇ ಉಳಿಯಿತು, ಮಹಾಪ್ರಾಣ ಹೋಯಿತು. ಹಾಗಾಗಿ ಮೆಧು ಮೆದು ಆಯಿತು. ಸಂಸ್ಕೃತ ಧಕಾರವನ್ನು ಕಾಪಾಡಿತು, ಸ್ಲಾವ್ ಎಕಾರವನ್ನು ಕಾಪಾಡಿತು. ಒಬ್ಬರು ಕಳೆದುಕೊಂಡದ್ದು ಇನ್ನೊಬ್ಬರ ಹತ್ತಿರ ಇದೆ. ಸಾಲ ಪಡೆದದ್ದಲ್ಲ ಅನ್ನುವುದಕ್ಕೆ ಇದೇ ಗಟ್ಟಿ ಸಾಕ್ಷಿ. ಸ್ಲಾವರು ಸಂಸ್ಕೃತದ ‘ಮಧು’ ತೆಗೆದುಕೊಂಡಿದ್ದರೆ ಅವರ ಪದದಲ್ಲಿ ಎಕಾರ ಬರಲು ಕಾರಣವೇ ಇರಲಿಲ್ಲ. ಅದೇ ಎಕಾರ ಗ್ರೀಕಿನಲ್ಲಿ, ಲಿಥುವೇನಿಯನ್‌ನಲ್ಲಿ, ಇಂಗ್ಲಿಷಿನಲ್ಲಿ ಕೂಡ ಇದೆಯಲ್ಲ? ಮಧು ಮತ್ತು ಮೆದು ಒಡಹುಟ್ಟಿದವು, ತಾಯಿ ಮಗಳಲ್ಲ.

ಸ್ಲಾವರ ಊಟದ ಪದಗಳೆಲ್ಲ ಹೀಗೆ ಮನೆಯದೇ ಆಸ್ತಿ ಅಂದುಕೊಳ್ಳಬೇಡಿ. ಅವರ ರೊಟ್ಟಿಯ ಪದ, ಈಗಿನ ರಷ್ಯನ್‌ನ ಖ್ಲೆಬ್, ಜರ್ಮಾನಿಕ್ ಜನರಿಂದ ಬಂದ ಸಾಲ. ಇಂಗ್ಲಿಷಿನ ಲೋಫ್ ಅದರದ್ದೇ ಸಂಬಂಧಿ. ಜೇನು ಮಾತ್ರ ಪಿತ್ರಾರ್ಜಿತ.

ಇನ್ನು ಆ ಕೊನೆಯ ಉಕಾರಕ್ಕೆ ಬರೋಣ. ಮೂಲ ಸ್ಲಾವ್‌ನಲ್ಲಿ ಹ್ರಸ್ವ ಇ ಮತ್ತು ಉ ಸವೆಯುತ್ತಾ ಬಂದು ಅರೆ ಸ್ವರಗಳಾದವು. ಸುಮಾರು 10ರಿಂದ 12ನೇ ಶತಮಾನದ ನಡುವೆ ಒಂದೊಂದೇ ಸ್ಲಾವ್ ಭಾಷೆಯಲ್ಲಿ ಅವು ಬಿದ್ದುಹೋದವು. ಎಲ್ಲಿ ಬಿದ್ದವು, ಎಲ್ಲಿ ಗಟ್ಟಿಯಾಗಿ ಉಳಿದವು ಅನ್ನುವುದಕ್ಕೆ ಒಂದು ನಿಯಮ ಇದೆ. ಪದದ ಕೊನೆಯಿಂದ ಹಿಂದಕ್ಕೆ ಎಣಿಸಿದರೆ ಒಂದು ಬಿಟ್ಟು ಒಂದು ಬೀಳುತ್ತದೆ. ಝೆಕ್ ವಿದ್ವಾಂಸ ಆಂಟೊನಿನ್ ಹಾವ್ಲಿಕ್ 1889ರಲ್ಲಿ ಇದನ್ನು ಗುರುತಿಸಿದ. ತೀರಾ ಕೊನೆಯಲ್ಲಿದ್ದದ್ದು ಯಾವಾಗಲೂ ಬೀಳುವ ಸರದಿಯದ್ದೇ. ಹೀಗೆ ಮೆದು ಮೆದ್ ಆಯಿತು. ನಮ್ಮ ಕಡೆ ಆದದ್ದು ಇದರ ಉಲ್ಟಾ. ಹಳಗನ್ನಡದ ಜೇನ್, ಪಾಲ್, ಕಣ್ ಕೊನೆಗೆ ಉಕಾರ ಸೇರಿಸಿಕೊಂಡು ಜೇನು, ಹಾಲು, ಕಣ್ಣು ಆದವು.

ಬಾಯಿಂದ ಹೋದ ಉಕಾರ ಕಾಗದದಿಂದ ಅಷ್ಟು ಬೇಗ ಹೋಗಲಿಲ್ಲ. ಅದಕ್ಕೆ ಸಿರಿಲಿಕ್ ಲಿಪಿಯಲ್ಲಿ ಒಂದು ಅಕ್ಷರ ಇತ್ತು. ರಷ್ಯನ್ನರು ಅದನ್ನು ಪದಗಳ ಕೊನೆಗೆ ಬರೆಯುತ್ತಲೇ ಬಂದರು, ಉಚ್ಚರಿಸುತ್ತಿರಲಿಲ್ಲ ಅಷ್ಟೇ. 1918ರ ಕಾಗುಣಿತ ಸುಧಾರಣೆಯಲ್ಲಿ ಅದನ್ನು ಪದದ ಕೊನೆಯಿಂದ ತೆಗೆದರು. ಬಲ್ಗೇರಿಯನ್ನರು ತೆಗೆದದ್ದು 1945ರಲ್ಲಿ. ಅಂದರೆ ಸತ್ತ ಸ್ವರಕ್ಕೆ ಏಳೆಂಟು ನೂರು ವರ್ಷ ಕಾಗದದ ಮೇಲೆ ಜಾಗ ಇತ್ತು.

ಪೋಲಿಷ್‌ನಲ್ಲಿ ಅದರ ಗುರುತು ಇನ್ನೂ ಸೂಕ್ಷ್ಮವಾಗಿದೆ. ‘ಜೇನು’ ಮ್ಯೂದ್, ‘ಜೇನಿನ’ ಮ್ಯೋದು. ಒಂದರಲ್ಲಿ ಊ, ಇನ್ನೊಂದರಲ್ಲಿ ಓ. ಯಾಕೆ? ಮೊದಲನೆಯದರಲ್ಲಿ ಕೊನೆಯ ಅರೆ ಉಕಾರ ಬಿದ್ದಾಗ ಅದರ ಹಿಂದಿನ ಸ್ವರ ದೀರ್ಘವಾಯಿತು. ಆ ದೀರ್ಘ ಓ ಮುಂದೆ ಊ ಕಡೆಗೆ ಸರಿಯಿತು. ಎರಡನೆಯದರಲ್ಲಿ ಕೊನೆಯ ಸ್ವರ ಪೂರ್ತಿ ಉಕಾರ, ಬೀಳಲೇ ಇಲ್ಲ. ಹಾಗಾಗಿ ಹಿಂದಿನ ಸ್ವರವೂ ಬದಲಾಗಲಿಲ್ಲ. ಪೋಲೆಂಡಿನ ಮಕ್ಕಳು ಕಾಗುಣಿತ ಕಲಿಯುವಾಗ ಕಷ್ಟಪಡುವ ಈ ಊ-ಓ ಜೋಡಿಯ ಹಿಂದೆ ಇರುವುದು ಬಿದ್ದುಹೋದ ಆ ಪುಟ್ಟ ಸ್ವರ.

ಇಲ್ಲಿಂದ ಮುಂದೆ ವ್ಯಾಕರಣ. ಶಾಲೆಯಲ್ಲಿ ಸಂಸ್ಕೃತ ತಗೊಂಡವರಿಗೆ ಇದು ಸಲೀಸು. ‘ಗುರುಃ ಗುರೂ ಗುರವಃ’ ಅಂತ ರಾಗವಾಗಿ ಬಾಯಿಪಾಠ ಮಾಡಿದ್ದು ನೆನಪಿದೆ ಅಲ್ವಾ? ಅದು ಉಕಾರಾಂತ ಶಬ್ದಗಳ ರೂಪಾವಳಿ. ಮೂಲ ಸ್ಲಾವ್‌ನಲ್ಲೂ ಉಕಾರಾಂತದ್ದೇ ಒಂದು ಗುಂಪು ಇತ್ತು. ಚಿಕ್ಕ ಗುಂಪು. ಅದರಲ್ಲಿ *ಮೆದು ಇತ್ತು, ಮಗ ಎಂಬ ಅರ್ಥದ *ಸಿನು ಇತ್ತು, ಮನೆ ಎಂಬ ಅರ್ಥದ *ದೊಮು ಇತ್ತು, ಎತ್ತು, ತುದಿ, ಅರ್ಧ ಮೊದಲಾದ ಅರ್ಥದ ಕೆಲವು ಪದ ಇದ್ದವು. *ಸಿನು ಸಂಸ್ಕೃತದ ‘ಸೂನು’ವಿನ ಒಡಹುಟ್ಟು. ಪಾಂಡುಸೂನು ಅಂತ ನಾವು ಓದಿದ್ದು ಅದೇ ಸೂನು.

ಎರಡನ್ನೂ ಪಕ್ಕಪಕ್ಕ ಇಡಿ. ಸಂಸ್ಕೃತದಲ್ಲಿ ಬಹುವಚನ ಗುರವಃ, ಸೂನವಃ. ಮೂಲ ಸ್ಲಾವ್‌ನಲ್ಲಿ ಸಿನೊವೆ, ಮೆದೊವೆ. ಸಂಸ್ಕೃತದಲ್ಲಿ ಚತುರ್ಥಿ ಗುರವೇ. ಸ್ಲಾವ್‌ನಲ್ಲಿ ಸಿನೊವಿ, ಮೆದೊವಿ. ಷಷ್ಠಿ ಗುರೋಃ, ಸ್ಲಾವ್‌ನಲ್ಲಿ ಮೆದೂ. ಸಪ್ತಮಿ ಗುರೌ, ಸ್ಲಾವ್‌ನಲ್ಲೂ ಮೆದೂ. ಸಂಬೋಧನೆ ‘ಹೇ ಗುರೋ’, ಸ್ಲಾವ್‌ನಲ್ಲಿ ಮಗನನ್ನು ಕರೆಯುವಾಗ ‘ಸಿನೂ’. ಈ ಕರೆ ಇನ್ನೂ ಬದುಕಿದೆ. ಪೋಲಿಷ್, ಝೆಕ್ ತಾಯಂದಿರು ಮಗನನ್ನು ಸಂಬೋಧಿಸುವ ರೂಪ ‘ಸಿನು’ ಅಂತಲೇ. ಗುರೋ ಅನ್ನುವಲ್ಲಿನ ಓ, ಸಿನೂ ಅನ್ನುವಲ್ಲಿನ ಊ, ಎರಡೂ ಒಂದೇ ಹಳೆಯ ‘ಔ’ ಜಾತಿಯ ಸಂಧಿಸ್ವರದಿಂದ ಬಂದವು.

ಉಕಾರಕ್ಕೆ ಹೀಗೆ ಮೂರು ಅವತಾರ. ಮೂಲ ರೂಪದ ಕೊನೆಯಲ್ಲಿ ಬರೀ ಉ. ಮುಂದೆ ಸ್ವರ ಬಂದರೆ ಅವ್ ಅಥವಾ ಒವ್. ಮುಂದೆ ವ್ಯಂಜನ ಬಂದರೆ, ಸಂಬೋಧನೆಯಲ್ಲೂ, ಓ ಅಥವಾ ಊ. ನಮಗೆ ಇದರ ಪರಿಚಯ ಚೆನ್ನಾಗಿದೆ. ಪಾಂಡುವಿನ ಮಕ್ಕಳು ಪಾಂಡವರು. ಕುರುವಿನ ವಂಶದವರು ಕೌರವರು. ಯದುವಿನವರು ಯಾದವರು. ಮನುವಿನಿಂದ ಮಾನವ, ಮಧುವಿನಿಂದ ಮಾಧವ. ಪದದ ಮೊದಲ ಸ್ವರವನ್ನು ಉದ್ದ ಮಾಡುವ ವೃದ್ಧಿ ಸಂಸ್ಕೃತದ ಸ್ವಂತ ಪದ್ಧತಿ. ಅದನ್ನು ಬದಿಗಿಟ್ಟು ಕೊನೆ ಮಾತ್ರ ನೋಡಿ: ಮಧು, ಮಾಧವ. ಸ್ಲಾವ್‌ನಲ್ಲಿ *ಮೆದು, *ಮೆದೊವು. ಎರಡನೆಯದಕ್ಕೆ ‘ಜೇನಿನಿಂದಾದ’ ಅಂತ ಅರ್ಥ. ರಷ್ಯನ್ ಬೇಕರಿಗಳಲ್ಲಿ ಪದರ ಪದರವಾಗಿ ಮಾಡುವ ಜೇನಿನ ಕೇಕಿಗೆ ಮೆದೊವಿಕ್ ಅಂತ ಹೆಸರು. ಜೇನಿನ ಹಳೆ ಶೈಲಿಯ ಪಾನೀಯ ಮೆದೊವುಖಾ. ಆ ‘ಒವ್’ ಮತ್ತು ಪಾಂಡವರ ‘ಅವ್’ ಒಂದೇ ಯಂತ್ರದಿಂದ ಬಂದವು.

ಹಾಗಾದರೆ ಈ ಗುಂಪು ಯಾಕೆ ಚದುರಿತು? ಪಕ್ಕದಲ್ಲಿ ಒಂದು ಭಾರೀ ದೊಡ್ಡ ಗುಂಪಿತ್ತು, ಸಂಸ್ಕೃತದ ಅಕಾರಾಂತಕ್ಕೆ ಸರಿಸಮ. ತೋಳಕ್ಕೆ ಸಂಸ್ಕೃತದಲ್ಲಿ ವೃಕ, ಭೀಮನನ್ನು ವೃಕೋದರ ಅನ್ನುವಾಗ ಬರುವ ಪದ. ಸ್ಲಾವ್‌ನಲ್ಲಿ ಅದು *ವಿಲ್ಕು. ಹಿಂದೆ ಇದರ ಕೊನೆ ‘ಓಸ್’ ತರಹ ಇತ್ತು, ಮಗನ ಪದದ ಕೊನೆ ‘ಉಸ್’. ಸಕಾರ ಬಿತ್ತು, ಸ್ವರ ಸವೆಯಿತು, ಎರಡೂ ಅದೇ ಅರೆ ಉಕಾರವಾದವು. ಈಗ ಸಿನು, ವಿಲ್ಕು ಕೇಳಿದರೆ ಯಾವುದು ಯಾವ ಗುಂಪು ಅಂತ ಗೊತ್ತಾಗುವುದೇ ಇಲ್ಲ. ಷಷ್ಠಿಯಲ್ಲಿ ಮಾತ್ರ ವ್ಯತ್ಯಾಸ: ಒಂದು ಸಿನೂ, ಇನ್ನೊಂದು ವಿಲ್ಕಾ. ಜನ ಬೆರೆಸಿಬಿಟ್ಟರು. ತೀರಾ ಹಳೆಯ ಚರ್ಚ್ ಸ್ಲಾವೊನಿಕ್ ಹಸ್ತಪ್ರತಿಗಳಲ್ಲೇ ‘ಮಗನ’ ಅನ್ನಲು ಸಿನೂ, ಸಿನಾ ಎರಡೂ ಸಿಗುತ್ತವೆ.

ಲಿಂಗ ಬದಲಾದದ್ದರಲ್ಲೂ ಇದರ ಕೈವಾಡ ಇದೆ. ಸಂಸ್ಕೃತದ ಮಧು, ಗ್ರೀಕಿನ ಮೆಥು ನಪುಂಸಕ. ಸ್ಲಾವ್‌ನ ಮೆದು ಪುಲ್ಲಿಂಗ. ನಪುಂಸಕದಲ್ಲಿ ಕೊನೆಗೆ ಸಕಾರ ಮೊದಲಿಂದಲೂ ಇರಲಿಲ್ಲ. ಪುಲ್ಲಿಂಗದಲ್ಲಿ ಇದ್ದ ಸಕಾರವೂ ಬಿದ್ದ ಮೇಲೆ ಎರಡರ ರೂಪ ಒಂದೇ ಆಯಿತು. ಆ ಕೊನೆ ಕೇಳಿದರೆ ಪುಲ್ಲಿಂಗ ಅಂತ ಕಿವಿಗೆ ಅಭ್ಯಾಸ ಆಗಿದ್ದರಿಂದ ಜೇನೂ ಅದೇ ಸಾಲಿಗೆ ಸೇರಿತು.

ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇನ್ನು ಬರುತ್ತದೆ. ಚಿಕ್ಕ ಗುಂಪು ದೊಡ್ಡ ಗುಂಪಿನಲ್ಲಿ ಕರಗಿತು, ನಿಜ. ಆದರೆ ಅದರ ಪ್ರತ್ಯಯಗಳು ಕರಗಲಿಲ್ಲ. ದೊಡ್ಡ ಗುಂಪಿನ ಪದಗಳ ಮೇಲೆ ಹೋಗಿ ಕೂತವು. ರಷ್ಯನ್‌ನಲ್ಲಿ ‘ಜೇನಿನ’ ಅನ್ನಲು ಈಗ ಸಾಮಾನ್ಯ ರೂಪ ಮ್ಯೋದಾ. ಆದರೆ ‘ಸ್ವಲ್ಪ ಜೇನು’, ‘ಒಂದು ಚಮಚ ಜೇನು’ ಅನ್ನುವಾಗ ಮ್ಯೋದು ಅಂತಲೂ ಹೇಳುತ್ತಾರೆ. ಹಳೆಯ ಉಕಾರಾಂತ ಷಷ್ಠಿಯೇ ಇದು. ಅದಕ್ಕೆ ಈಗ ಹೊಸ ಕೆಲಸ: ಪೂರ್ತಿ ಅಲ್ಲ, ಅದರಲ್ಲಿ ಒಂದಿಷ್ಟು ಎಂದು ತೋರಿಸುವುದು. ಈ ಉಕಾರ ಸಕ್ಕರೆಗೆ ಅಂಟಿತು, ಗಿಣ್ಣಿಗೆ ಅಂಟಿತು, ಕೊನೆಗೆ ಚಹಾಕ್ಕೂ ಅಂಟಿತು. ‘ಒಂದು ಕಪ್ ಚಹಾ’ ಅನ್ನಲು ‘ಚಾಶ್ಕಾ ಚಾಯು’. ಚಹಾ ರಷ್ಯಾಕ್ಕೆ ಬಂದದ್ದು 17ನೇ ಶತಮಾನದಲ್ಲಿ. ಮೂಲ ಸ್ಲಾವ್ ಆಡುತ್ತಿದ್ದವರು ಆ ಎಲೆಯನ್ನು ಕಂಡೇ ಇರಲಿಲ್ಲ. ಆದರೂ ಅವರ ಜೇನಿನ ಪ್ರತ್ಯಯ ಚಹಾ ಕಪ್ಪಿನಲ್ಲಿ ಇದೆ.

ಸಪ್ತಮಿಯದ್ದೂ ಇದೇ ಕಥೆ. ಕೈಯೆಲ್ಲ ಜೇನು ಮೆತ್ತಿಕೊಂಡರೆ ರಷ್ಯನ್ನರು ‘ರೂಕಿ ವ್ ಮೆದೂ’ ಅನ್ನುತ್ತಾರೆ, ಒತ್ತು ಕೊನೆಯ ಊ ಮೇಲೆ. ಗುರೌ ಅನ್ನುವಲ್ಲಿನ ಔಕಾರದ ಬಂಧು ಅದು. ಕಾಡಿನಲ್ಲಿ ಅನ್ನಲು ‘ವ್ ಲೆಸೂ’, ಹಿಮದಲ್ಲಿ ಅನ್ನಲು ‘ವ್ ಸ್ನೆಗೂ’, ಕ್ರಿಮಿಯಾದಲ್ಲಿ ಅನ್ನಲು ‘ವ್ ಕ್ರಿಮೂ’. ಪೋಲಿಷ್ ಚತುರ್ಥಿಯನ್ನು ಎತ್ತಿಕೊಂಡಿತು. ಸಿನೊವಿ, ಮೆದೊವಿಯ ಆ ‘ಒವಿ’ ಈಗ ಪೋಲಿಷ್‌ನ ಬಹುಪಾಲು ಪುಲ್ಲಿಂಗ ಪದಗಳಿಗೆ ಬರುತ್ತದೆ. ಕಂಪ್ಯೂಟರಿಗೆ ಅನ್ನಲು ‘ಕೊಂಪುತೆರೊವಿ’. ಉಕ್ರೇನಿಯನ್‌ನಲ್ಲಿ ಅಣ್ಣನಿಗೆ ಅಥವಾ ತಮ್ಮನಿಗೆ ಅನ್ನಲು ‘ಬ್ರಾತೊವಿ’. ರಷ್ಯನ್‌ನಲ್ಲಿ ‘ಮೇಜುಗಳ’ ಅನ್ನಲು ‘ಸ್ತೊಲೋವ್’ ಅನ್ನುತ್ತಾರೆ. ಆ ಓವ್ ಸಹ ಉಕಾರಾಂತದ ಬಹುವಚನ ಷಷ್ಠಿಯಿಂದ ಬಂದದ್ದು. ಬೆರಳೆಣಿಕೆಯ ಪದಗಳಿದ್ದ ಗುಂಪಿನ ಪ್ರತ್ಯಯಗಳು ಸಾವಿರಾರು ಪದಗಳಿಗೆ ಹರಡಿದವು. ಸರ್ಬಿಯನ್‌ನಂಥ ಭಾಷೆಯಲ್ಲಿ ಜೇನಿನ ಪದವೇ ಮೆದಾ ಅಂತ ದೊಡ್ಡ ಗುಂಪಿನ ಷಷ್ಠಿ ಹಿಡಿದುಕೊಂಡಿದೆ. ಝೆಕ್‌ನಲ್ಲಾದರೆ, ಪೋಲಿಷ್‌ನ ಹಾಗೇ, ಇನ್ನೂ ಹಳೆಯ ಷಷ್ಠಿಯೇ: ಮೆದು.

ಕರಡಿಯ ಮಾತು ಆಡದೆ ಈ ಪದವನ್ನು ಬಿಡುವ ಹಾಗಿಲ್ಲ. ಕರಡಿಗೆ ಇಂಡೋ-ಯುರೋಪಿಯನ್‌ನಲ್ಲಿ ಹಳೆಯ ಹೆಸರೊಂದಿತ್ತು. ಸಂಸ್ಕೃತದ ಋಕ್ಷ, ಗ್ರೀಕಿನ ಆರ್ಕ್ತೊಸ್, ಲ್ಯಾಟಿನ್ನಿನ ಉರ್ಸುಸ್ ಅದರಿಂದಲೇ ಬಂದವು. ಸ್ಲಾವರು ಆ ಹೆಸರು ಬಿಟ್ಟರು. ಕಾಡಿನ ಮೃಗದ ಹೆಸರೆತ್ತಿದರೆ ಅದು ಬಂದೇ ಬಿಡುತ್ತದೆ ಅನ್ನುವ ಭಯ ಇದಕ್ಕೆ ಕಾರಣ ಅಂತ ವಿದ್ವಾಂಸರು ವಿವರಿಸುತ್ತಾರೆ. ಬದಲಿಗೆ ‘ಜೇನು ತಿನ್ನುವವನು’ ಅಂದರು: *ಮೆದ್ವೇದಿ. ಬಿಡಿಸಿದರೆ ಮೆದು ಮತ್ತು ಏದ್. ಎರಡನೆಯದು ತಿನ್ನು ಎಂಬ ಧಾತು, ಸಂಸ್ಕೃತದ ‘ಅದ್’. ನಾವು ದಿನಾ ಹೇಳುವ ‘ಅನ್ನ’ ಅದೇ ಅದ್ ಧಾತುವಿನಿಂದ ಬಂದದ್ದು, ತಿನ್ನುವಂಥದ್ದು ಅಂತ ಅರ್ಥ.

ಮೆದು ಮತ್ತು ಏದ್ ನಡುವೆ ವಕಾರ ಎಲ್ಲಿಂದ ಬಂತು? ಯಣ್ ಸಂಧಿ! ಮನು ಮತ್ತು ಅಂತರ ಸೇರಿ ಮನ್ವಂತರ ಆಗುವ ಹಾಗೇ. ಉಕಾರದ ಮುಂದೆ ಬೇರೆ ಸ್ವರ ಬಂದರೆ ವಕಾರ. ಸಂಸ್ಕೃತದಲ್ಲೂ ಇದರ ಜೋಡಿ ಪದ ಇದೆ. ಋಗ್ವೇದದ ಮೊದಲ ಮಂಡಲದ 164ನೇ ಸೂಕ್ತದಲ್ಲಿ ಮರದ ಮೇಲೆ ಕೂತ ಹಕ್ಕಿಗಳನ್ನು ‘ಮಧ್ವದಃ’ ಅಂತ ಕರೆದಿದೆ, ಅಂದರೆ ಮಧುವನ್ನು ತಿನ್ನುವಂಥವು. ಅಲ್ಲಿ ಹಕ್ಕಿ, ಇಲ್ಲಿ ಕರಡಿ.

ಕಾಲ ಕಳೆದಂತೆ ಸ್ಲಾವರಿಗೆ ಈ ಸಂಧಿ ಮರೆತುಹೋಯಿತು. ಮೆದ್ ಮತ್ತು ವೇದ್ ಅಂತ ತಪ್ಪು ಜಾಗದಲ್ಲಿ ಬಿಡಿಸಿದರು. ವೇದ್ ಅಂದರೆ ತಿಳಿ, ನಮ್ಮ ‘ವೇದ’ದ ಧಾತು. ಹಾಗಾಗಿ ‘ಜೇನು ಎಲ್ಲಿದೆ ಅಂತ ಬಲ್ಲವನು’ ಎಂಬ ಅರ್ಥ ಜನರ ಬಾಯಲ್ಲಿ ಹುಟ್ಟಿತು. ಕೇಳಲು ಚೆನ್ನಾಗಿದೆ, ಆದರೆ ಸರಿಯಲ್ಲ. ಉಕ್ರೇನಿಯನ್ನರು ಪದವನ್ನೇ ತಿರುವಿ ವೆದ್‌ಮಿದ್ ಅಂದರು. ಪೋಲಿಷ್‌ನಲ್ಲಿ ಮೊದಲ ಮಕಾರ ನಕಾರ ಆಗಿ ನೆಜ್ವೆಜ್ ಥರದ ಉಚ್ಚಾರ ಬಂತು. ರಷ್ಯನ್‌ನ ಮೆದ್ವೆದ್ ಇದ್ದ ಹಾಗೇ ಇದೆ. 2008ರಿಂದ 2012ರವರೆಗೆ ರಷ್ಯಾದ ಅಧ್ಯಕ್ಷರಾಗಿದ್ದ ದ್ಮಿತ್ರಿ ಮೆದ್ವೆದೆವ್ ಅವರ ಹೆಸರಿನಲ್ಲಿ ಕರಡಿಯೂ ಇದೆ, ಅದರೊಳಗೆ ಜೇನೂ ಇದೆ.

ಮೆದು ಅಂದರೆ ತಿನ್ನುವ ಜೇನೋ, ಕುಡಿಯುವ ಮದಿರೆಯೋ? ಎರಡೂ. ಸಂಸ್ಕೃತದಲ್ಲೂ ಮಧುಪಾನ ಅಂದರೆ ಬರೀ ಜೇನು ಕುಡಿಯುವುದಲ್ಲ. (‘ಮದ್ಯ’ ಬೇರೆ ಪದ. ಅದು ಮದ ಬರಿಸುವ ‘ಮದ್’ ಧಾತುವಿನದು, ಅಲ್ಪಪ್ರಾಣ ದಕಾರ.) ಗ್ರೀಕರು ಜೇನಿಗೆ ಮೆಲಿ ಅಂತ ಬೇರೆ ಪದ ಇಟ್ಟುಕೊಂಡು ಮೆಥುವನ್ನು ಮದಿರೆಗೆ ಬಿಟ್ಟರು. 1834ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞರಾದ ದ್ಯೂಮಾ ಮತ್ತು ಪೆಲಿಗೊ ಮರದಿಂದ ಬಟ್ಟಿ ಇಳಿಸಿದ ದ್ರವಕ್ಕೆ ಹೆಸರು ಹುಡುಕುವಾಗ ಈ ಮೆಥುವನ್ನೇ ಎತ್ತಿಕೊಂಡರು. ಮೆಥೈಲ್, ಮೆಥನಾಲ್, ಮೀಥೇನ್ ಎಲ್ಲ ಅಲ್ಲಿಂದ ಬಂದವು.

ಸ್ಲಾವರು ಎರಡಕ್ಕೂ ಒಂದೇ ಪದ ಬಳಸಿದರು. 449ರ ಸುಮಾರಿಗೆ ಹೂಣರ ದೊರೆ ಅಟಿಲಾನ ಬಳಿಗೆ ಹೋದ ಪ್ರಿಸ್ಕಸ್ ಎಂಬ ದೂತ, ಡ್ಯಾನ್ಯೂಬ್ ನದಿಯಾಚೆಯ ಹಳ್ಳಿಗಳಲ್ಲಿ ಗೋಧಿ ಬದಲು ಸಿರಿಧಾನ್ಯ, ದ್ರಾಕ್ಷಾರಸದ ಬದಲು ಅಲ್ಲಿಯವರು ‘ಮೆದೊಸ್’ ಅನ್ನುವ ಪಾನೀಯ ಕೊಟ್ಟರು ಅಂತ ಗ್ರೀಕಿನಲ್ಲಿ ಬರೆದಿಟ್ಟಿದ್ದಾನೆ. ಇದು ಸ್ಲಾವರದೇ ಪದ ಅಂತ ಪಟ್ಟು ಹಿಡಿಯಲು ಆಗದು, ಜರ್ಮಾನಿಕ್ ಜನರಲ್ಲೂ ಇಂಥದೇ ಪದ ಇತ್ತು. ಕೀವ್‌ನ ರಾಣಿ ಓಲ್ಗಾಳ ಕಥೆಯಲ್ಲಿ ಮಾತ್ರ ಅನುಮಾನವೇ ಇಲ್ಲ. 945ರ ಘಟನೆ ಅಂತ ರುಸ್ ವೃತ್ತಾಂತದಲ್ಲಿ, ಅಂದರೆ ಆ ಕೀವ್ ರಾಜ್ಯದ ಹಳೆಯ ಚರಿತ್ರೆಯಲ್ಲಿ, ಬರುತ್ತದೆ. ಗಂಡ ಇಗೊರ್‌ನನ್ನು ಕೊಂದ ದ್ರೆವ್ಲಿಯನ್ ಎಂಬ ಸ್ಲಾವ್ ಬುಡಕಟ್ಟಿನವರಿಗೆ ಅವಳು ಹೇಳಿ ಕಳಿಸುತ್ತಾಳೆ: ನಾನು ಬರುತ್ತಿದ್ದೇನೆ, ‘ಮೆದಿ ಮ್ನೊಗಿ’, ಅಂದರೆ ಮೆದುಗಳನ್ನು ಹೇರಳವಾಗಿ ಸಿದ್ಧ ಮಾಡಿ. ಅವರು ಮಾಡಿದರು, ಕುಡಿದರು, ಮತ್ತೇರಿ ಬಿದ್ದರು. ಅವಳ ಸೈನಿಕರು ಅವರನ್ನು ಕಡಿದು ಹಾಕಿದರು. ದ್ರವದ ಹೆಸರಿಗೆ ಬಹುವಚನ ಬಂದದ್ದು ಗಮನಿಸಿ. ಬಗೆಬಗೆಯ ಮೆದು ಇತ್ತು ಅಂತ ಅದರಿಂದಲೇ ತಿಳಿಯುತ್ತದೆ.

ಈ ಪದ ಇಂಡೋ-ಯುರೋಪಿಯನ್ ಮನೆಯ ಹೊರಗೂ ಓಡಾಡಿದೆ. ಮಧ್ಯ ಏಷ್ಯಾದಲ್ಲಿದ್ದ ತೊಖಾರಿಯನ್ ಎಂಬ ಇಂಡೋ-ಯುರೋಪಿಯನ್ ಭಾಷೆಯಲ್ಲಿ ಅದು ‘ಮಿತ್’ ಆಗಿತ್ತು. ಚೀನೀ ಭಾಷೆಯ ಜೇನು, ಈಗಿನ ‘ಮಿ’, ಅಲ್ಲಿಂದ ಬಂತು ಎಂಬುದನ್ನು ಬಹಳಷ್ಟು ವಿದ್ವಾಂಸರು ಒಪ್ಪುತ್ತಾರೆ. ಚೀನಾದಿಂದ ಜಪಾನಿಗೆ ಹೋಗಿ ‘ಮಿತ್ಸು’ ಆಯಿತು. ಉತ್ತರದಲ್ಲಿ ಫಿನ್ನಿಷ್ ಭಾಷೆಯ ‘ಮೆಸಿ’ ತೀರಾ ಹಳೆಯ ಕಾಲದ ಸಾಲ. ಹಂಗೇರಿಯನ್ ಭಾಷೆ ಫಿನ್ನಿಷ್‌ನ ದೂರದ ನೆಂಟ, ಹಾಗಾಗಿ ಆ ಹಳೆ ಸಾಲ ಅದಕ್ಕೂ ಸಿಕ್ಕಿತು. ಅಲ್ಲಿ ಜೇನು ‘ಮೇಜ್’. ಮುಂದೆ ಹಂಗೇರಿಯನ್ನರು ಈಗಿನ ನೆಲಕ್ಕೆ ಬಂದು ಸ್ಲಾವರ ನೆರೆಯಲ್ಲಿ ನೆಲೆಸಿದಾಗ ಕರಡಿಯ ಹೆಸರನ್ನು ಅವರಿಂದ ಪಡೆದು ‘ಮೆದ್ವೆ’ ಅಂದರು. ಹೀಗೆ ಇಂಡೋ-ಯುರೋಪಿಯನ್ನೇ ಅಲ್ಲದ ಆ ಭಾಷೆಗೆ *ಮೆಧು ಎರಡು ಸಲ, ಎರಡು ದಾರಿಯಲ್ಲಿ, ಸಾವಿರಾರು ವರ್ಷಗಳ ಅಂತರದಲ್ಲಿ ಬಂದು ಸೇರಿದೆ. ಎರಡನೆಯ ಸಲ ಬಂದಾಗ ಅದರ ಉಕಾರ ಮೆದ್ವೆಯ ವಕಾರವಾಗಿತ್ತು.